ಎಡಮಗ್ಗುಲು

ಐವತ್ತಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲವಂತೆ ಇದು.
ಡಾಕ್ಟರು ಹಾಗೆಂದಾಗ
ನೆನಪಾದದ್ದು ನನ್ನ ಹಳೆಯ ದೋಣಿಯ ಡೀಸೆಲ್ ಎಂಜಿನ್.
ಕಟ್ಟೆಗೆ ಕಟ್ಟಿದ ಮೇಲೂ ಆರಿಸದೆ
ಸಣ್ಣಗೆ ಗುರುಗುಡಲು ಬಿಡುತ್ತಿದ್ದೆವು;
ಕುಶಿರೊದ ಜನವರಿಯಲ್ಲಿ ಒಮ್ಮೆ ಆರಿತೋ,
ಮತ್ತೆ ಹೊತ್ತಿಸುವುದು ಯಾರಿಂದಾದೀತು.

ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿ,
ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ.
ಒಳಗೆ ಹತ್ತು ವರ್ಷಕ್ಕಾಗುವಷ್ಟು ಕಡ್ಡಿ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯ ರಾತ್ರಿಯೂ.
ನೋವಿಗಲ್ಲ.
ನಲವತ್ತೊಂದು ವರ್ಷ ಎಡಮಗ್ಗುಲಾಗಿ ಮಲಗಿದವನು ನಾನು.
ಎಡಕ್ಕೆ ಮಿತ್ಸುಯೊಳ ಹಾಸಿಗೆ, ಬಲಕ್ಕೆ ಗೋಡೆ.
ಈಗ ಎಡಕ್ಕೆ ಹೊರಳಿದರೆ
ಡಬ್ಬಿಯ ಅಂಚು ಒತ್ತುತ್ತದೆ,
ಜೇಬಿನಲ್ಲಿ ಬೀಗದಕೈ ಮರೆತು ಮಲಗಿದ ಹಾಗೆ.
ಅಂಗಾತ ಮಲಗಿದರೆ ಗೊರಕೆ, ಆಮೇಲೆ ಅವಳ ಮೊಣಕೈ.
ಬಲಕ್ಕೆ ತಿರುಗಿದರೆ ಗೋಡೆ,
ಗೋಡೆಯ ಮೇಲೆ ಮೀನುಗಾರರ ಸಂಘದ ಕ್ಯಾಲೆಂಡರು.
ಕತ್ತಲಲ್ಲಿ ಅದರ ತಿಂಗಳೂ ಕಾಣುವುದಿಲ್ಲ.

ಕಿವಿಯಡಿ ಹೊಟ್ಟು ತುಂಬಿದ ದಿಂಬು ಕರಕರ ಅನ್ನುತ್ತದೆ,
ಆ ಸದ್ದಿನೊಳಗೆ ನನ್ನ ನಾಡಿ.
ಎಷ್ಟು ಒಪ್ಪ!
ಹೋದ ವರ್ಷವೆಲ್ಲ ಅದು
ಕುಡಿದು ಮನೆಗೆ ಬರುವವನ ನಡಿಗೆಯಾಗಿತ್ತು:
ನಾಲ್ಕು ಹೆಜ್ಜೆ, ಗೋಡೆ ಹಿಡಿದು ನಿಂತು, ಮತ್ತೆ ಎರಡು.
ಈಗ ಬೂಟುಗಾಲು.
ಒಳಗೆ ಯಾರೋ ಗಸ್ತು ತಿರುಗುತ್ತಿದ್ದಾರೆ,
ಕಳ್ಳ ನಾನೇ ಏನೋ ಎಂಬಂತೆ.

ಐದನೆಯ ರಾತ್ರಿ ಮರೆತು ಎಡಕ್ಕೆ ಹೊರಳಿದೆ.
ಪಕ್ಕೆಲುಬಿನಡಿ ಏನೋ ಮಿಸುಕಿತು.
ಬಿಕ್ಕಳಿಕೆಯಲ್ಲ, ಬಿಕ್ಕಳಿಕೆ ಗಂಟಲಿಗೆ ಬರುತ್ತದೆ.
ಬಕೆಟ್ಟಿನ ತಳದಲ್ಲಿ ಉಳಿದ ಒಂದೇ ಮೀನು
ಬಾಲ ಬಡಿದಂತೆ.
ಟಪ್. ನಿಂತಿತು. ಟಪ್.
ಉಸಿರು ಹಿಡಿದು ಕಾದೆ.
ಎದೆಯಲ್ಲಿ ಮೀನಿದೆ ಎಂದು
ರಾತ್ರಿ ಎರಡೂವರೆಗೆ ಎಬ್ಬಿಸಿ ಹೇಳುವುದು ಹೇಗೆ ಹೆಂಡತಿಗೆ?
ಹೇಳಲಿಲ್ಲ. ಮೂರು ದಿನ.
ನಾಲ್ಕನೆಯ ದಿನ ಊಟದ ನಡುವೆ ಅವಳೇ ಕೇಳಿದಳು:
'ರಾತ್ರಿ ಏನನ್ನು ಕೇಳಿಸಿಕೊಳ್ಳುತ್ತಿರುತ್ತೀರಿ?'

ಡಾಕ್ಟರ್ ಕುರಾಮೋಚಿ ಮೊಮ್ಮಗಳ ವಯಸ್ಸಿನವಳು.
ನಗಲಿಲ್ಲ. 'ಮೀನು' ಎಂದೇ ಬರೆದುಕೊಂಡಳು.
ತಂತಿಯ ತುದಿ ಹೃದಯವನ್ನಷ್ಟೇ ಮಾತಾಡಿಸದೆ
ಕೆಳಗಿನ ವಪೆಯನ್ನೂ ಚಿವುಟುತ್ತಿದೆ, ಹಾಗಾಗುವುದುಂಟು,
ಹೇಳಿದ್ದು ಒಳ್ಳೆಯದಾಯಿತು, ಎಂದಳು.
ಎದೆಯ ಮೇಲೊಂದು ಬಿಲ್ಲೆಯಿಟ್ಟು ಕೀಲಿಗಳನ್ನು ಒತ್ತಿದಳು.
ಕುರ್ಚಿಯಲ್ಲಿ ಕೂತೇ ಗುಡ್ಡ ಹತ್ತಿದೆ,
ಕೂತೇ ಇಳಿದೆ.

'ಮನೆಯಲ್ಲಿ ಇಂಡಕ್ಷನ್ ಅನ್ನದ ಕುಕ್ಕರ್ ಇದ್ದರೆ
ಒಂದು ಮಾರು ದೂರವಿರಿ.'
ಮಿತ್ಸುಯೊ ಬಾಯಿಗೆ ಕೈ ಅಡ್ಡ ಹಿಡಿದಳು.
'ನಲವತ್ತೊಂದು ವರ್ಷದಿಂದ
ಅಷ್ಟೇ ದೂರ ಇದ್ದಾರೆ, ಡಾಕ್ಟರೇ.'

ಮಾರನೆಯ ದಿನ ಬಂದರಿನ ತನಕ ನಡೆದು ಬರುವಷ್ಟರಲ್ಲಿ
ಕೋಣೆಯೇ ಮಗ್ಗುಲು ಬದಲಿಸಿತ್ತು.
ನನ್ನ ಹಾಸಿಗೆ ಕಿಟಕಿಯ ಕಡೆ, ಅವಳದು ಗೋಡೆಯ ಕಡೆ.
ಕ್ಯಾಲೆಂಡರು ಅಡಿಗೆಮನೆಗೆ ಹೋಗಿತ್ತು.
ನಾನು ಎಡಗೈಯನ್ನು ಭುಜದ ಮೇಲೆ ಎತ್ತುವಂತಿಲ್ಲ ಇನ್ನೂ ತಿಂಗಳು;
ಆ ಭಾರದ ಹಾಸಿಗೆಗಳನ್ನು ಒಬ್ಬಳೇ ಎಳೆದಿದ್ದಾಳೆ.
'ಗೋಡೆಯ ಬದಿ ಬೆಚ್ಚಗಿರುತ್ತೆ' ಅಂದಳು.
ಸುಳ್ಳು. ಅದು ಉತ್ತರದ ಗೋಡೆ.

ಜೂನಿನಲ್ಲಿ ಇಲ್ಲಿ ನಾಲ್ಕಕ್ಕೆ ಮೊದಲೇ ಬೆಳಕು,
ಮಂಜಿನ ಹಿಂದಿನಿಂದ, ಗಂಜಿಯ ತಿಳಿಯಂಥದು.
ಬಲಮಗ್ಗುಲಾಗಿ ಮಲಗಿ ನೋಡುತ್ತೇನೆ.
ಇಷ್ಟು ದಿನ ಅವಳ ಬಲಗೆನ್ನೆಯ ಕಡೆಯ ಗಂಡನಾಗಿದ್ದೆ;
ಈ ಎಡಗಿವಿಯ ಹಿಂದೆ ಒಂದು ಮಚ್ಚೆ.
ಮೊದಲೂ ಇತ್ತೇ? ಕೇಳಬೇಕು.
ಬೇಡ.

ಮೀನು ಬರುವುದಿಲ್ಲ ಈಗ.
ಒಮ್ಮೊಮ್ಮೆ ಕಾಯುತ್ತೇನೆ, ಸುಮ್ಮನೆ.
ನನ್ನದು ಒಂದೇ ಸಮ ನಡೆದಿದೆ, ಅದರ ಪಾಡಿಗೆ ಅದು.
ಅವಳ ಉಸಿರು ಹಾಗಲ್ಲ,
ತಡೆದು, ತೊಡರಿ, ಒಮ್ಮೆಗೇ ಎರಡಾಗಿ ಬರುತ್ತದೆ.
ಎಣಿಸುತ್ತೇನೆ. ಮೂವತ್ತೆಂಟು, ಮೂವತ್ತೊಂಬತ್ತು,
ಎಲ್ಲೋ ಲೆಕ್ಕ ತಪ್ಪುತ್ತದೆ