ಪಕ್ಕದ ಸೌಟು

ಕುಲಶೇಖರದ ರೋಸಿನ ಮನೆ.
ಮದುಮಗಳ ನೆತ್ತಿಗೆ ತೆಂಗಿನ ಹಾಲು ಸುರಿದು
ಕೈ ಒರೆಸುತ್ತ ಸೆವ್ರಿನ್ ಮಾವ್ಶಿ ಅಂದಳು:
"ಅನ್ಸಿಟಾಳಿಗೂ ಹಾಲಾಗದಂತೆ, ನಿನ್ನ ಹಾಗೆಯೇ."

ನನ್ನ ಹಾಗಲ್ಲ ಮಾವ್ಶಿ.
ನನ್ನದು ಬರೀ ಹೊಟ್ಟೆಯ ತಕರಾರು.
ಹಾಲಿನ ಸಕ್ಕರೆ ಒಡೆಯುವ ಆಳು
ನಲವತ್ತಕ್ಕೇ ಕೆಲಸ ಬಿಟ್ಟು ಹೋದ;
ಒಂದು ಗಡ್‌ಬಡ್ ತಿಂದರೆ ಗುಡುಗು, ಗಾಳಿ,
ಸಿನಿಮಾ ಅರ್ಧಕ್ಕೆ ಓಟ.
ನಾಚಿಕೆಯಾಗುತ್ತದೆ, ಸಾಯುವುದಿಲ್ಲ.
ಮಜ್ಜಿಗೆಯಾದರೆ ಒಂದು ಲೋಟದ ರಾಜಿಯೂ ಉಂಟು.

ಅವಳದು ಬೇರೆ.
ಸಕ್ಕರೆಯಲ್ಲ, ಹಾಲಿನ ಪ್ರೋಟೀನು.
ಮಜ್ಜಿಗೆಯಲ್ಲೂ ಅದೇ.
ಮೈಯೊಳಗಿನ ಕಾವಲುಗಾರ
ಬೆಕ್ಕು ಹಾರಿದ ಸದ್ದಿಗೆ
ಮನೆಗೇ ಬೆಂಕಿ ಇಡುತ್ತಾನೆ.

ಹೋದ ಈಸ್ಟರಿಗೆ ಯಾರೋ ಕೊಟ್ಟದ್ದು ವೊರ್ನ್,
ತೆಂಗಿನ ಹಾಲಿನದೇ, ಸುಳ್ಳಲ್ಲ.
ಸೌಟು ಮಾತ್ರ ಪಕ್ಕದ ಖೀರಿನದು.
ತುಟಿ ಊದಿತು, ಕತ್ತಿನ ತುಂಬ ದದ್ದು,
ಉಸಿರು ಸಿಳ್ಳೆ ಹೊಡೆಯಿತು.
ಕಂಕನಾಡಿಗೆ ರಿಕ್ಷಾ. ತೊಡೆಗೆ ಸೂಜಿ.
ಆರು ವರ್ಷದ ಕೈ
ರಾತ್ರಿಯಿಡೀ ನನ್ನ ಹೆಬ್ಬೆರಳು ಬಿಡಲಿಲ್ಲ.

ಮಾವ್ಶಿ ಏನೂ ಅನ್ನಲಿಲ್ಲ.
ಅಡುಗೆಮನೆಗೆ ನಡೆದು
ವೊರ್ನಿನ ಪಾತ್ರೆಯ ಸೌಟೆತ್ತಿ
ಮೂಸಿದಳು, ಬೆಳಕಿಗೆ ಹಿಡಿದಳು.
ಹೊರಗೆ ಬ್ಯಾಂಡು ಶುರುವಾಗಿತ್ತು.
ಅವಳು ಕುಕ್ಕರಗಾಲಲ್ಲಿ ಕೂತು
ಚಿಕ್ಕ ಪಾತ್ರೆಯೊಂದನ್ನು ಬೇರೆಯೇ ತೊಳೆದಿಟ್ಟು
ಹೊಸ ಕಾಯಿ ಒಡೆದಳು.