ಮುಟ್ಟಿದರೆ ಮುನಿ

ಡುಲೂತ್, ಫೆಬ್ರವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಒಳಗೆ, ಶಾಲೆಯ ಜಿಮ್ಮಿನಲ್ಲಿ, ಪಾಪ್‌ಕಾರ್ನ್ ವಾಸನೆ,
ನಲವತ್ತು ತಂಡ, ನಲವತ್ತು ಮಡಚುಮೇಜು.
ನನ್ನ ಮೇಜಿಗೆ ಅಂಟಿಸಿದ ಚೀಟಿ: ಬಿಡಿಭಾಗ ಎರವಲು.
ಹೆಸರು ಬರೆದು ಒಯ್ಯಿರಿ, ಒಯ್ದದ್ದನ್ನು ಸಂಜೆಯೊಳಗೆ ತನ್ನಿ.

ಹತ್ತೂವರೆಗೆ ಆಸ್ಟ್ರಿಡ್ ಬಂದಳು,
ಹಲ್ಲಿಗೆ ತಂತಿ, ಕೈಯಲ್ಲೂ ತಂತಿ,
ನಾಲ್ಕೆಳೆಯದು, ಗೇಣುದ್ದದ್ದು.
ಇಂಥದ್ದೇ ಇನ್ನೊಂದು ಇದೆಯಾ? ಕೊಟ್ಟೆ.
ಹತ್ತು ನಿಮಿಷಕ್ಕೆ ಮತ್ತೆ: ಇದಕ್ಕಿಂತ ಉದ್ದದ್ದು? ಕೊಟ್ಟೆ.
ಮೂರನೆಯ ಸಲ ಬರೀ ಮುಖ ತಂದಳು.

ಮೇಜು ಬಿಟ್ಟು ಏಳಬಾರದೆಂದು ನಮಗೆ ನಿಯಮ.
ಎದ್ದೆ.

ಯಂತ್ರಕ್ಕೆ ಅವರಿಟ್ಟ ಹೆಸರು ಡೋರಿಸ್.
ನಾಲ್ಕು ಚಕ್ರ, ಒಂದು ತೋಳು, ಹೊಟ್ಟೆಯಲ್ಲಿ
ಹೆಬ್ಬೆರಳ ಉಗುರಿನಷ್ಟು ಹಸಿರು ಹಲಗೆ.
ಎಷ್ಟು ತಿರುಗಿದೆ, ಈಗ ಯಾವ ಕಡೆ ಮುಖ,
ಸೆಕೆಂಡಿಗೆ ನೂರು ಸಲ ಹೇಳುವುದೇ ಅದರ ಕೆಲಸ.
ಮೇಜಿನ ಮೇಲೆ ಹೇಳುತ್ತದೆ. ಕೈಯಲ್ಲೆತ್ತಿ ತಿರುಗಿಸಿದರೂ
ತೊಂಬತ್ತೆಂದರೆ ತೊಂಬತ್ತೇ.
ಅಂಗಳದ ಫೋಮ್ ಚಾಪೆಗಿಳಿಸಿ ಎರಡು ಮಾರು ಓಡಿಸಿದರೆ
ಪರದೆಯಲ್ಲಿ ಕೆಂಪಕ್ಷರ: ಸೆನ್ಸರ್ ಸಿಗುತ್ತಿಲ್ಲ.
ಡೋರಿಸ್ ದಿಕ್ಕು ಕೆಟ್ಟು ಬುಗುರಿಯಾಗುತ್ತಾಳೆ.
ಚಲನೆ ಅಳೆಯಲೆಂದೇ ಇಟ್ಟುಕೊಂಡದ್ದು,
ಚಲಿಸಿದರೆ ಮಾತ್ರ ಬಾಯಿ ಬಿಡದು.

ವೇಲನ್ ಪೋರ್ಟ್ ಬದಲಿಸಿ ನೋಡಿದ್ದ,
ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ.
ಮೈ ಯೆರ್ ಕೋಡಿನ ಸಾಲು ಸಾಲಿನ ಮೇಲೂ ಬೆರಳಾಡಿಸಿ
ಎಲ್ಲೋ ಒಂದು ದೊಡ್ಡಕ್ಷರವನ್ನು ಸಣ್ಣದು ಮಾಡಿದ್ದಳು.
ನಿನ್ನೆ ರಾತ್ರಿ ಮುಟ್ಟಿದ್ದು ನೀನು, ನಾನಲ್ಲ ನೀನು,
ಎಂಬಲ್ಲಿಗೆ ಬಂದು ನಿಂತಿತ್ತು ದುರಸ್ತಿ.

ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು.
ಓಡಿಸದೆ ದೋಷ ಕಾಣದು, ದೋಷ ಬಂದರೆ ಓಡದು.
ಹೇಳಲು ಬಾಯಿ ತೆರೆದೆ. ಇಂಗ್ಲಿಷಿಗೆ ತರುವಷ್ಟರಲ್ಲಿ
ಮೈಕು ಕೂಗಿತು: ಮುಂದಿನ ಪಂದ್ಯಕ್ಕೆ ಇಪ್ಪತ್ತಾರು ನಿಮಿಷ.

ನಾನು ಇಂಜಿನಿಯರಲ್ಲ. ಒಂಬತ್ತು ವರ್ಷದಿಂದ
ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುವವಳು.
ಚಾಪೆಯ ಮೇಲೆ ಬರೀ ಸಾಕ್ಸಿನಲ್ಲಿ ನಡೆದು
ಪಾಪ, ಎಂದು ಡೋರಿಸಳ ತೋಳು ಮುಟ್ಟಿದೆ.

ಚಟ್.

ಬೆರಳ ತುದಿಯಲ್ಲಿ ನೀಲಿ ಎಳೆ,
ಪರದೆಯಲ್ಲಿ ಕೆಂಪು ಸಾಲು.
ಯಂತ್ರ ನಿಂತೇ ಇತ್ತು. ಓಡಿರಲೇ ಇಲ್ಲ.

ಯಾರೂ ಮಾತಾಡಲಿಲ್ಲ. ಆಮೇಲೆ ಮೈ ಯೆರ್, ಮೆಲ್ಲಗೆ:
ಇನ್ನೊಂದು ಸಲ ಮಾಡ್ತೀರಾ?
ಮಾಡಿದೆ. ಚಟ್. ವೇಲನ್ ಶೂ ಕಳಚಿದ.
ಮೂವರೂ ಸಾಕ್ಸು ಉಜ್ಜಿ ಉಜ್ಜಿ ಸರದಿಯಲ್ಲಿ ಮುಟ್ಟಿದರು,
ಚಟ್, ಕೆಂಪು. ಚಟ್, ಕೆಂಪು.
ಕರೆದಾಗ ಬರುವ ದೋಷ!
ಗೆದ್ದವರೂ ಅಷ್ಟು ಕುಣಿದದ್ದನ್ನು ಅವತ್ತು ಕಾಣಲಿಲ್ಲ.
ಆಸ್ಟ್ರಿಡ್ ಮಾತ್ರ ಕೂತು ಅತ್ತಳು, ಎರಡು ನಿಮಿಷ,
ತಂತಿಯದಲ್ಲ, ತನ್ನದಲ್ಲ, ಯಾರದೂ ಅಲ್ಲ,
ಒಣಗಾಳಿಯದು ತಪ್ಪು ಎಂಬುದಕ್ಕೆ.

ಹಸಿರು ಹಲಗೆಯ ಕೆಳಗೆ ಪ್ಲಾಸ್ಟಿಕ್ ತುಂಡಿಟ್ಟು
ಲೋಹದ ಚೌಕಟ್ಟಿನಿಂದ ಎತ್ತಿದರು. ತಂತಿಗೆ ಕಪ್ಪು ಟೇಪು ಸುತ್ತಿದರು.
ನನ್ನ ಕೋಟಿನ ತೋಳೊಳಗೆ ಸದಾ ಒಂದಿರುತ್ತದೆ,
ಡ್ರೈಯರಿಗೆ ಹಾಕುವ ಲ್ಯಾವೆಂಡರ್ ಹಾಳೆ.
ಅದರಿಂದ ನಾಲ್ಕೂ ಚಕ್ರ ಒರೆಸಿದೆವು.
ಮುಟ್ಟಿದರೆ ಮುನಿಯ ಮೈಗೆ
ಮಡಿಬಟ್ಟೆಯ ವಾಸನೆ ಬಂತು.

ಪಂದ್ಯ ಎರಡೂವರೆ ನಿಮಿಷ.
ಡೋರಿಸ್ ಗೆರೆ ಎಳೆದಂತೆ ಹೋದಳು, ತಿರುಗಿದಳು, ಹಿಂದೆ ಬಂದಳು.
ಒಂದು ನಿಮಿಷ ಐವತ್ತಕ್ಕೆ ಮತ್ತೆ ಕೆಂಪು.
ವೇಲನ್ ಕೈಯಿಂದಲೇ ಓಡಿಸಿ ಮುಗಿಸಿದ.
ಇಪ್ಪತ್ತೊಂಬತ್ತನೆಯ ಸ್ಥಾನ.

ಸಂಜೆ ಎರವಲು ಪುಸ್ತಕ ಮುಚ್ಚುತ್ತಿದ್ದೆ.
ಆಸ್ಟ್ರಿಡ್ ಎರಡು ತಂತಿ ತಂದಿಟ್ಟಳು, ಸುರುಳಿ ಸುತ್ತಿ.
ಅವುಗಳ ಪಕ್ಕದಲ್ಲಿ, ನಾಲ್ಕು ಮಡಿಕೆ ಹಾಕಿ,
ಬೂದಿಬಣ್ಣಕ್ಕೆ ತಿರುಗಿದ ಆ ಹಾಳೆ.
ಚೀಟಿಯಲ್ಲಿ ಬರೆದಿತ್ತಲ್ಲ.