ತೂಕದ ದಿನ

ಆಲೂಗಡ್ಡೆ ತೂಗುವ ತಕ್ಕಡಿಯನ್ನೇ ಶಾಲೆಗೆ ಹೊತ್ತು ತಂದಿದ್ದೇವೆ.
ದಾದಿ ಒಬ್ಬೊಬ್ಬರನ್ನೇ ಕೊಕ್ಕೆಯ ಚೀಲದಲ್ಲಿ ಕೂರಿಸಿ
ಅಂಕಿ ಕೂಗುತ್ತಾಳೆ, ಬರೆದುಕೊಳ್ಳುವವನು ನಾನು.
ಹತ್ತೊಂಬತ್ತು. ಇಪ್ಪತ್ತಾರು. ಮೂವತ್ತೊಂದು,
ಪೊಂಚೊ ಕಳಚಿಸಿ ಮತ್ತೆ ಇಪ್ಪತ್ತೊಂಬತ್ತು.
ತೂಕ ನೋಡಿ ಗುಳಿಗೆ.

ಈ ಔಷಧ ನನಗೆ ಹೊಸತಲ್ಲ.
ಇಪ್ಪತ್ತೆರಡು ವರ್ಷ ಈ ಬಯಲಿನ ಕುರಿಗಳ ದವಡೆ ಬಿಡಿಸಿ
ಇದನ್ನೇ, ಸುಣ್ಣದ ನೀರಿನಂತೆ ಬೆಳ್ಳಗಿದ್ದದ್ದನ್ನು,
ಗಂಟಲಿಗೆ ಸುರಿದಿದ್ದೇನೆ.
ಹಬ್ಬಕ್ಕೆ ಕಡಿದಾಗ ಮೊದಲು ಈಲಿಯನ್ನೆತ್ತಿ
ಬಿಸಿಲಿಗೆ ಹಿಡಿಯುವುದು. ನಾಳ ಸೀಳಿದರೆ
ಒದ್ದೆ ಎಲೆಗಳು, ಇನ್ನೂ ಮಿಡುಕುವ ಎಲೆಗಳು.
ಯಾವ ಮರದವೋ!
ಇಷ್ಟೆತ್ತರದ ಈ ಬಯಲಲ್ಲಿ ಮರವೇ ಇಲ್ಲ.

ಅದಕ್ಕೂ ಮೊದಲಿನ ಮಾತು, ಅಕ್ಕ ಡೊರೋತೆಯಳದು.
ಕುರಿ ಕಾಯುತ್ತ ಕಾಲುವೆಯ ಅಂಚಿನಲ್ಲಿ
ನೀರಸೊಪ್ಪು ಕಿತ್ತು ಹಸಿಯಾಗಿಯೇ ಅಗಿಯುತ್ತಿದ್ದಳು,
ನನಗೂ ಒಂದು ಹಿಡಿ.
ತಣ್ಣಗೆ, ಖಾರಖಾರ.
ಹನ್ನೊಂದು ತುಂಬುವಷ್ಟರಲ್ಲಿ
ಬಲಪಕ್ಕೆ ಒತ್ತಿಹಿಡಿದು ನಡೆಯತೊಡಗಿದಳು,
ಕಣ್ಣಲ್ಲಿ ಹಳದಿ.
ಅಮ್ಮ ಕೋಕಾ ಎಲೆ ಹರಡಿಸಿ ಕೇಳಿದಳು.
ಆ ಎಲೆಗಳು ಏನೇನೋ ಹೇಳಿದವು,
ಈ ಎಲೆಗಳ ಸುದ್ದಿ ಮಾತ್ರ ಎತ್ತಲಿಲ್ಲ.
ಆಗಸ್ಟಿನ ಗಾಳಿಯಲ್ಲಿ ಹೂತು ಬಂದೆವು.
ಏನು ಕಾಯಿಲೆಯೋ.
ಕುರಿ ಸತ್ತರೆ ಸೀಳಿ ನೋಡುತ್ತೇವೆ,
ಅಕ್ಕನನ್ನು ಯಾರು ಸೀಳುತ್ತಾರೆ?

ಔಷಧದ ಡಬ್ಬಿಯ ಮೇಲೆ ಕುರಿಯ ಚಿತ್ರವಿತ್ತು.
ಮಕ್ಕಳಿಗೂ ಆದೀತೇ ಎಂದು ಕೇಳಲು
ನನಗೆ ಬಾಯಿ ಬರಲಿಲ್ಲ,
ದಿನಕ್ಕೆ ಇನ್ನೂರು ಬಾಯಿ ತೆರೆಸುತ್ತಿದ್ದವನಿಗೆ.

ಈಗ ಮೊಮ್ಮಗಳು ನಿಲ್ಡಾಳ ಸರದಿ. ಇಪ್ಪತ್ತನಾಲ್ಕು ಕಿಲೊ.
ನನ್ನ ಹೆಬ್ಬೆರಳು ತಾನಾಗಿಯೇ
ಅವಳ ದವಡೆಯ ಮೂಲೆ ಹುಡುಕಿತು.
"ತಾತಾ, ನಾನೇನು ಕುರಿಯಾ?"
ಸಾಲಿಗೆ ಸಾಲೇ ಮ್ಯಾ ಎಂದು ನಕ್ಕಿತು.
ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.
ಅವಳೇ ನುಂಗಿದಳು, ಕೊಬ್ಬು ತೇಲುವ ಸಾರಿನ ಜೊತೆ.

ಮೂರನೆಯ ದಿನವೋ ನಾಲ್ಕನೆಯದೋ
ಪಕ್ಕೆಯಲ್ಲಿ ನೋವು ಬರಬಹುದು, ಎಂದಳು ದಾದಿ,
ಹೆದರಬೇಡಿ, ಸತ್ತವು ಇಳಿದು ಹೋಗುವ ನೋವು ಅದು.
ತೀರಾ ಹೆಚ್ಚಾದರೆ ಕರೆತನ್ನಿ.
ತಲೆಯಾಡಿಸಿದೆ. ಹೆದರದೆ ಇರುವುದು ಹೇಗೆಂದು
ಅವಳು ಬರೆಸಲಿಲ್ಲ.

ಮನೆಗೆ ಹೋಗುವ ದಾರಿ ಕಾಲುವೆಯನ್ನು ದಾಟಿಯೇ.
ಒಣಹುಲ್ಲಿನ ಬಯಲಿನಲ್ಲಿ ಅಲ್ಲೊಂದೇ ಹಸಿರು,
ನೀರಸೊಪ್ಪು, ದಟ್ಟವಾಗಿ, ಬೇರಿಗಂಟಿದ ಪುಟ್ಟ ಬಸವನಹುಳುಗಳ ಸಮೇತ.
ನಿಲ್ಡಾ ನಿಂತಳು. ಸೊಪ್ಪನ್ನು ನೋಡಿದಳು, ನನ್ನನ್ನು ನೋಡಿದಳು.
ಬೇಡ ಅಂದೆ.
ಅನ್ನುವಾಗಲೇ, ದೇವರಾಣೆ,
ನನ್ನ ನಾಲಿಗೆಯಲ್ಲಿ ನೀರೂರಿತು.